ಒಂದೇ ಹೊಳೆ, ಎರಡು ಸಲ

ಅಕ್ಕನ ಮಗಳಿಗೆ ಕಡಲು ಬೇಕಿತ್ತು. ಗೋಕರ್ಣದಿಂದ ಮುರುಡೇಶ್ವರದವರೆಗೆ ದಂಡೆ ಹಿಡಿದು ಕಾರಿನಲ್ಲಿ ಹೋಗುವವರ ವಿಡಿಯೊಗಳನ್ನು ಅವಳು ಬೇಸಿಗೆಯಿಡೀ ನೋಡಿದ್ದಳು. ಯಳಂದೂರಿನಲ್ಲಿ ಕೂತು ಕಡಲು ಕೇಳಿದರೆ ಎಲ್ಲಿಂದ ತರೋಣ? ಭಾವ ಮಾತ್ರ ಪೇಪರಿನಿಂದ ತಲೆಯೆತ್ತದೆ, "ಸಮುದ್ರ ತಾನೆ? ನಮ್ಮ ತಾವೇ ಒಂದದ, ತೋರುಸ್ತಿನಿ ಬಾ" ಅಂದರು. ಶ್ರಾವಣ ಹಿಡಿದ ಮೊದಲ ವಾರ, ಬೆಳಗಿನ ಆರಕ್ಕೆ ಕಾರು ಹತ್ತಿ ಕೂತ ಮೇಲೆ ಅವಳಿಗೆ ತಿಳಿಯಿತು, ಅಪ್ಪ ಹೇಳಿದ್ದು ಶಿವನಸಮುದ್ರ.

"ಮೋಸ" ಅಂದಳು. ನನಗೇನೂ ಹಾಗನ್ನಿಸಲಿಲ್ಲ. ಕೆರೆ ಕಟ್ಟಿಸಿದವರೆಲ್ಲ ಅದಕ್ಕೆ ಸಮುದ್ರವೆಂದೋ ಸಾಗರವೆಂದೋ ಹೆಸರಿಟ್ಟು ಹೋದ ಒಣನಾಡು ನಮ್ಮದು. ಉಪ್ಪುನೀರು ಕಾಣದವರ ಆಸೆ ಅದು. ಅದೂ ಅಲ್ಲದೆ, ಯಳಂದೂರು, ಕೊಳ್ಳೇಗಾಲ, ಹನೂರು, ಈ ಮೂರು ತಾಲ್ಲೂಕುಗಳಿಗೆ ದಂಡೆ ಅಂತ ಒಂದಿದ್ದರೆ ಅದು ಕಾವೇರಿಯದು. ಶಿವನಸಮುದ್ರದಲ್ಲಿ ಧುಮುಕಿದ ಹೊಳೆ ಪೂರ್ವಕ್ಕೆ ಹರಿದು, ಸಂಗಮ, ಮೇಕೆದಾಟು ದಾಟಿ, ದಕ್ಷಿಣಕ್ಕೆ ತಿರುಗಿ ಹೊಗೇನಕಲ್ಲಿನಲ್ಲಿ ಮತ್ತೆ ಧುಮುಕುತ್ತದೆ. ನಡುವೆ ಬರೀ ಕಾಡು. ಕಾರು ಹೋಗುವ ದಾರಿ ಅಲ್ಲಿಲ್ಲ. ಹೊಳೆ ಬಿಲ್ಲಿನಂತೆ ಬಾಗಿದರೆ, ಕೊಳ್ಳೇಗಾಲ, ಹನೂರು, ಮಾದಪ್ಪನ ಬೆಟ್ಟದ ಮೇಲೆ ಹಾಯುವ ರಸ್ತೆ ಅದಕ್ಕೆ ಬಿಗಿದ ಹೆದೆ. ಬೆಳಿಗ್ಗೆ ಬಿಟ್ಟ ಹೊಳೆಯನ್ನು ಸಂಜೆ ಮತ್ತೆ ಹಿಡಿಯುವುದು ನಮ್ಮ ಆ ದಿನದ ಲೆಕ್ಕಾಚಾರ.

ಊರು ಬಿಡುವ ಮುಂಚೆ ಬಳೆಮಂಟಪದ ಮುಂದೆ ಐದು ನಿಮಿಷ ನಿಲ್ಲಿಸಿದೆವು. ಯಳಂದೂರಿನವರು ದಿನಾ ಅದರ ಮುಂದೆಯೇ ಓಡಾಡುವುದರಿಂದ ತಿರುಗಿ ನೋಡುವುದಿಲ್ಲ. ಗೌರೀಶ್ವರ ದೇವಾಲಯದ ಹೆಬ್ಬಾಗಿಲು ಅದು. ಹದಿನಾಡಿನ ಪಾಳೆಯಗಾರರ ಕಾಲದ್ದು. ಅದರ ಮೂಲೆಗಳಲ್ಲಿ ಕಲ್ಲಿನ ಬಳೆಗಳು ಒಂದರೊಳಗೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗಿ ನೇತಾಡುತ್ತಿದ್ದವು. ಊರಬಾಯಲ್ಲಿ ಮಂಟಪಕ್ಕೆ ಆ ಹೆಸರು ನಿಂತದ್ದು ಅದರಿಂದಲೇ. ಒಂದೇ ಕಲ್ಲಿನಲ್ಲಿ ಒಂದು ಬಳೆ ಕಡೆದು, ಅದು ಒಡೆಯದಂತೆ ಅದರೊಳಗಿನಿಂದಲೇ ಇನ್ನೊಂದನ್ನು ಬಿಡಿಸಬೇಕು. ಉಳಿಯ ಒಂದು ಏಟು ಹೆಚ್ಚಾದರೂ ಅಲ್ಲಿವರೆಗಿನ ಕೆಲಸವೆಲ್ಲ ಮಣ್ಣು. ಅಕ್ಕನ ಮಗಳು ಕುತ್ತಿಗೆ ಎತ್ತಿ ನೋಡಿ, "ಇಷ್ಟು ಹತ್ತಿರ ಇದ್ದೂ ನೀವ್ಯಾಕೆ ಹೇಳಲಿಲ್ಲ?" ಎಂದು ಅಪ್ಪನನ್ನೇ ದಬಾಯಿಸಿದಳು.

ಹೇಳುವುದು ಹಾಗಿರಲಿ, ಯಳಂದೂರು ತನ್ನ ಬಗ್ಗೆ ತಾನೇ ಬಾಯಿಬಿಡದ ಊರು. 'ಹದಿಬದೆಯ ಧರ್ಮ' ಬರೆದ ಸಂಚಿಯ ಹೊನ್ನಮ್ಮ ಇಲ್ಲಿಯವಳು. 'ರಾಜಶೇಖರ ವಿಳಾಸ'ದ ಷಡಕ್ಷರದೇವ ಇಲ್ಲಿಯ ಮಠದಲ್ಲಿದ್ದವನು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದದ್ದೂ ಇದೇ ಊರು. ಇಷ್ಟೆಲ್ಲ ಇದ್ದರೂ ಹೊರಗಿನವರಿಗೆ ಯಳಂದೂರು ಅಂದರೆ ಬಿಳಿಗಿರಿರಂಗನ ಬೆಟ್ಟಕ್ಕೆ ತಿರುಗುವ ಜಾಗ, ಅಷ್ಟೆ.

ಆ ತಿರುವನ್ನು ನಾವು ಬೇಕೆಂದೇ ಬಿಟ್ಟೆವು. ಒಂದು ದಿನದಲ್ಲಿ ಎರಡು ಬೆಟ್ಟ ಹತ್ತುವವರು ಎರಡನ್ನೂ ನೋಡಿರುವುದಿಲ್ಲ, ಪಟ ತೆಗೆದಿರುತ್ತಾರೆ. ಬಿಳಿಗಿರಿಗೆ ಅದರದೇ ಒಂದು ದಿನ ಕೊಡಬೇಕು: ದೊಡ್ಡ ಸಂಪಿಗೆಯ ಬುಡದಲ್ಲಿ ಕೂರಬೇಕು, ಕಾಡಿನ ಹಾಡಿಗಳಾದ ಪೋಡುಗಳಲ್ಲಿ ಸೋಲಿಗರ ಮಾತು ಕೇಳಬೇಕು. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರಗಳೂ ಸಿಕ್ಕವು. ಹುಲಿಗೂ ಜನಕ್ಕೂ ಒಂದೇ ಕಾಡಿನಲ್ಲಿ ಕಾನೂನು ಜಾಗ ಕೊಟ್ಟದ್ದು ದೇಶದಲ್ಲಿ ಮೊದಲು ಅಲ್ಲಿ. ಬೆಟ್ಟದ ದೇವರು ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ಹಾಗಾಗಿ ಅವರಿಗೆ ಅವನು ದೇವರಿಗಿಂತ ಮೊದಲು ಭಾವ. ಈ ಕತೆ ಹೇಳಿದಾಗಲೆಲ್ಲ ನಮ್ಮ ಭಾವ ಮೀಸೆಯಲ್ಲೇ ನಗುತ್ತಾರೆ, ತಮಗೂ ಒಂದು ಗುಡಿ ಕಟ್ಟಿಸಬಹುದು ಅನ್ನುವ ಹಾಗೆ.

ಮಾಂಬಳ್ಳಿ ದಾಟಿ ಕೊಳ್ಳೇಗಾಲಕ್ಕೆ ಹದಿನೈದು ಕಿಲೋಮೀಟರು. ಬೆಂಗಳೂರು, ಕೊಯಮತ್ತೂರುಗಳ ನಡುವಿನ ಹೆದ್ದಾರಿ ಇದು. ಬಿಳಿಗಿರಿಯ ಮಗ್ಗುಲಲ್ಲಿ ಹರಿದು ಬರುವ ಹೊನ್ನುಹೊಳೆ, ಅಂದರೆ ಕಾಗದಪತ್ರಗಳ ಸುವರ್ಣಾವತಿ, ಈ ಬಯಲಿಗೆ ನೀರುಣಿಸಿ ಮುಂದೆ ಕಾವೇರಿ ಸೇರುತ್ತದೆ. ಒಂದು ಕಾಲದಲ್ಲಿ ಈ ಹದಿನೈದು ಕಿಲೋಮೀಟರಿನಲ್ಲಿ ದೇಶವೇ ಬದಲಾಗುತ್ತಿತ್ತು. ಯಳಂದೂರು ಮೈಸೂರು ಮಹಾರಾಜರ ಸೀಮೆ. ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಈ ಕಡೆಗೆ ಬಂತು. ಮೊದಲು ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ. ಕೂತಲ್ಲೇ ಕೂತ ಊರು ಎಷ್ಟೆಲ್ಲ ವಿಳಾಸ ಬದಲಿಸಿತು ನೋಡಿ.

ಕೊಳ್ಳೇಗಾಲದ ಹೆಸರೆತ್ತಿದರೆ ಸಾಕು, ಬೆಂಗಳೂರಿನವರು "ಮಾಟ ಗೀಟ ಮಾಡಿಸೋಕಾ?" ಎಂದು ಹಲ್ಲುಕಿರಿಯುತ್ತಾರೆ. ಈ ಊರಿಗೆ ಅಂಟಿದ ತಮಾಷೆ ಅದು. ಗೋಡೆಗೆ ಹಚ್ಚುವ ಚೀಟಿಗಳಲ್ಲಿ ಮಂತ್ರವಾದಿ ಯಾವ ಊರಿನವನಾದರೂ ಹೆಸರಿನ ಹಿಂದೆ ಕೊಳ್ಳೇಗಾಲ ಇರಲೇಬೇಕು. ಭಾವನ ವಾದ ಸರಳ: "ಅಂಥಾ ಮಂತ್ರ ಇದ್ದಿದ್ರ ಈ ರಸ್ತ ಗುಂಡಿ ತಾನಾಗೇ ಮುಚ್ಕತಿರ್ನಿಲ್ವಾ?" ಕೊಳ್ಳೇಗಾಲದ ನಿಜವಾದ ಮೋಡಿ ರೇಷ್ಮೆಯದು. ಹಿಪ್ಪುನೇರಳೆ ತೋಟ, ಗೂಡು, ನೂಲು, ಮಗ್ಗ ಎಲ್ಲ ಒಂದೇ ಸೀಮೆಯಲ್ಲಿ. ಬೆಳಿಗ್ಗೆ ನೂಲು ಬಿಚ್ಚುವ ಮನೆಗಳ ಮುಂದೆ ಹಾಯುವಾಗ ಬೆಂದ ಹುಳುವಿನ ವಾಸನೆ ಮೂಗಿಗೆ ಅಡರುತ್ತದೆ. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಹೆಂಗಸೊಬ್ಬಳು ಕಣ್ಣಿಗೆ ಕಾಣದ ಎಳೆಯನ್ನು ಬೆರಳ ತುದಿಯಲ್ಲಿ ಹಿಡಿದು ರಾಟೆಗೆ ಕೊಡುತ್ತಾಳೆ. ಆ ಬೆರಳುಗಳು ಯಾವಾಗಲೂ ನೀರಲ್ಲಿ ನೆಂದು ಸುಕ್ಕಾಗಿ ಬಿಳಿಚಿರುತ್ತವೆ. ಮದುವೆಮನೆಯ ಸೀರೆ ಮುಟ್ಟುವಾಗ ಈ ಬೆರಳು ನೆನಪಾದರೆ ಆಮೇಲೆ ಅದು ಬರೀ ಸೀರೆಯಾಗಿ ಉಳಿಯುವುದಿಲ್ಲ.

ಇಡ್ಲಿ ತಿಂದು ಸತ್ತೇಗಾಲದ ದಾರಿ ಹಿಡಿದೆವು. ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆದು ನಡುಗಡ್ಡೆ ಕಟ್ಟುತ್ತಾಳೆ. ಪಡುವಣ ಕವಲು ಗಗನಚುಕ್ಕಿ, ಅದು ಮಳವಳ್ಳಿಗೆ ಸೇರಿದ್ದು. ಮೂಡಣದ್ದು ಭರಚುಕ್ಕಿ, ನಮ್ಮದು. ನಮ್ಮದು ಅನ್ನುವಾಗ ಕೊಳ್ಳೇಗಾಲದವರ ಎದೆ ಒಂದಿಂಚು ಉಬ್ಬುತ್ತದೆ. ಪಕ್ಷಪಾತವೆಂದರೂ ಚಿಂತೆಯಿಲ್ಲ, ನನ್ನ ಮತವೂ ಭರಚುಕ್ಕಿಗೇ. ಗಗನಚುಕ್ಕಿಯನ್ನು ದೂರ ನಿಂತು ನೋಡಬೇಕು; ಅದು ಕಮರಿಯಾಚೆಯ ಚಿತ್ರಪಟ. ಭರಚುಕ್ಕಿ ಹಾಗಲ್ಲ. ಅರ್ಧಚಂದ್ರದಂತೆ ಬಾಗಿದ ಬಂಡೆಯ ಉದ್ದಕ್ಕೂ ನೂರಾರು ಕಡೆ ನೀರು ಜಾರುತ್ತದೆ, ಒಂದು ಕಡೆ ಕೆನೆಹಾಲು, ಇನ್ನೊಂದು ಕಡೆ ಕದಡಿದ ಕಾಫಿ. ಕಬಿನಿಯಿಂದಲೂ ಕೆಆರ್‌ಎಸ್‌ನಿಂದಲೂ ನೀರು ಬಿಟ್ಟ ವಾರ. ನೋಟದ ಕಟ್ಟೆಯವರೆಗೂ ಎರಚಲು ಬರುತ್ತಿತ್ತು. ಹುಡುಗಿಯ ಕನ್ನಡಕ ಮಂಜಾಯಿತು. ಒರೆಸಿಕೊಂಡಳು, ಮತ್ತೆ ಮಂಜಾಯಿತು. ಮೂರನೆಯ ಸಲ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಬರಿಗಣ್ಣಲ್ಲಿ ನಿಂತಳು. ಫೋನು ಹೊರಗೆ ಬರಲೇ ಇಲ್ಲ. ಆ ದಿನದ ಮೊದಲ ಗೆಲುವು ನಮಗೆ ಅದೇ.

ಈ ನೀರು ಬರೀ ನೋಟಕ್ಕೆ ಬಿದ್ದದ್ದಲ್ಲ. ಗಗನಚುಕ್ಕಿಯ ಕೆಳಗಿನ ವಿದ್ಯುದಾಗಾರವನ್ನು ಜನ ಇವತ್ತಿಗೂ 'ಬ್ಲಫ್' ಅನ್ನುತ್ತಾರೆ. 1902ರ ಜೂನ್ 30ರಂದು ಅಲ್ಲಿಂದ ಹೊರಟ ಕರೆಂಟು 147 ಕಿಲೋಮೀಟರು ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿ ಮುಟ್ಟಿತು. ಅಷ್ಟು ದೂರ ವಿದ್ಯುತ್ ಸಾಗಿಸಿದ್ದು ಆ ಕಾಲಕ್ಕೆ ಜಗತ್ತಿನ ಸುದ್ದಿ. ಬೆಂಗಳೂರಿಗೆ ದೀಪ ಬಂದದ್ದು ಇನ್ನೂ ಮೂರು ವರ್ಷ ತಡವಾಗಿ, 1905ರಲ್ಲಿ. ಯೋಜನೆಯ ಬೆನ್ನಿಗೆ ನಿಂತ ದಿವಾನ್ ಕೆ. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು. ಗಣಿಯಲ್ಲಿ ದೀಪ ಹತ್ತಿದ್ದನ್ನು ಅವರು ನೋಡಲಿಲ್ಲ. ಮತ್ತೆ, ಈ ಬೆಳಕಿನ ಹೊತ್ತಿಗೆ ನಾವು ನಿಂತಿದ್ದ ಭರಚುಕ್ಕಿಯ ದಂಡೆ ಮದ್ರಾಸಿನದು. ಜಲಪಾತದ ಒಂದು ಕವಲಿನ ಆಚೆ ಮೈಸೂರು, ಇನ್ನೊಂದರ ಈಚೆ ಬ್ರಿಟಿಷರು. ಗಡಿ ಆಗ ಇಲ್ಲಿತ್ತು.

ಹತ್ತಿರದಲ್ಲೇ ಹಳೆಯ ಕಲ್ಲಿನ ಸೇತುವೆ, ವೆಲ್ಲೆಸ್ಲಿಯ ಹೆಸರಿನದು. ಊರವರ ನಾಲಗೆಯಲ್ಲಿ ಸವೆದು ವೆಸ್ಲಿ ಸೇತುವೆಯಾಗಿದೆ. ಶಿವನಸಮುದ್ರದ ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್ 19ನೆಯ ಶತಮಾನದ ಮೊದಲರ್ಧದಲ್ಲಿ ಕಟ್ಟಿಸಿದ್ದು. ಉದ್ದುದ್ದ ಕಲ್ಲುಕಂಬ ನೆಟ್ಟು, ಮೇಲೆ ಕಲ್ಲುತೊಲೆ ಹಾಸಿದ ಕೆಲಸ. ಸುಮಾರು ಎರಡು ಶತಮಾನ ನೆರೆಗೆ ಬಗ್ಗದೆ ನಿಂತದ್ದು 2018ರ ನೆರೆಯಲ್ಲಿ ಒಂದು ಭಾಗ ಕಳೆದುಕೊಂಡಿತು. ಮುರಿದ ತುದಿಯಾಚೆ ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಕಟ್ಟಿದವರ ಹೆಸರು ಬಿಟ್ಟು ದೊರೆಯ ಹೆಸರು ಸೇತುವೆಗೆ ನಿಂತದ್ದು ನನಗೆ ಯಾವತ್ತೂ ಸರಿಕಂಡಿಲ್ಲ.

ಅಲ್ಲಿಗೆ ಹೊಳೆಗೆ ಬೆನ್ನುಹಾಕಿ ಕೊಳ್ಳೇಗಾಲಕ್ಕೆ ಮರಳಿ ಹನೂರಿನ ದಾರಿಗೆ ಬಿದ್ದೆವು. ಇಲ್ಲಿಂದ ಮುಂದೆ ಒಂದು ಪದದ ಅರ್ಥ ಬದಲಾಗುತ್ತದೆ. ಯಳಂದೂರಿನಲ್ಲಿ 'ಬೆಟ್ಟ' ಅಂದರೆ ಬಿಳಿಗಿರಿ. ಕೊಳ್ಳೇಗಾಲ ದಾಟಿದ ಮೇಲೆ ಮಾದಪ್ಪನ ಬೆಟ್ಟ. ಕಾಮಗೆರೆಯ ಟೀ ಅಂಗಡಿಯವನು ಲೋಟ ಕೈಗಿಡುತ್ತಾ ಕೇಳಿದ್ದು ಎರಡೇ ಮಾತು, "ಬೆಟ್ಟಕಾ, ಬುದ್ಧಿ?" ಬೇರೆಲ್ಲಿಗೂ ಯಾರೂ ಈ ದಾರಿಯಲ್ಲಿ ಹೋಗುವುದಿಲ್ಲವೆಂಬ ಹಾಗೆ.

ಕಾಮಗೆರೆ ಅಂದರೆ ಭಾವನಿಗೆ ಇನ್ನೊಂದು ನೆನಪು. ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಡುಗಳ್ಳ ವೀರಪ್ಪನ್ ಹೊತ್ತೊಯ್ದದ್ದು ಈ ಊರಿನ ಮನೆಯಿಂದಲೇ, 2002ರ ಆಗಸ್ಟ್ 25ರ ರಾತ್ರಿ. ಡಿಸೆಂಬರಿನಲ್ಲಿ ಅವರ ಹೆಣ ಕಾಡಿನಲ್ಲಿ ಸಿಕ್ಕಿತು. ಅದಕ್ಕೂ ಎರಡು ವರ್ಷ ಹಿಂದೆ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಒಯ್ದಿದ್ದ. ಆ ರಾಜ್‌ಕುಮಾರ್ ಅವರ ತಂದೆಯ ಹೆಸರಿನ ಮುಂದಿದ್ದ ಸಿಂಗಾನಲ್ಲೂರೂ ಇದೇ ಕೊಳ್ಳೇಗಾಲದ ಸೀಮೆ. "ಆಗ ಸಂಜ ಆದಮ್ಯಾಲ ಈ ರಸ್ತಲಿ ನಾಯಿನೂ ಓಡಾಡ್ತಿರ್ನಿಲ್ಲ" ಅಂದರು ಭಾವ. ಅವರಮ್ಮ ಮಾದಪ್ಪನಿಗೆ ಹೊತ್ತ ಹರಕೆಯನ್ನು ಹತ್ತು ವರ್ಷ ಮನೆಯ ಗೂಟಕ್ಕೆ ಕಟ್ಟಿಟ್ಟಿದ್ದರಂತೆ, ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ. ದೇವರಿಗೂ ಆಗ ಸಾಲ ಹೇಳಬೇಕಾಗಿತ್ತು.

ಹನೂರಿನಲ್ಲಿ ತರಕಾರಿಗೆ ನಿಲ್ಲಿಸಿದೆವು. ಕೊಳ್ಳೇಗಾಲದಿಂದ ಬೇರೆಯಾಗಿ ಈಚೆಗೆ ತಾಲ್ಲೂಕಾದ ಊರು. ಬೋರ್ಡುಗಳಿಗೆ ಇನ್ನೂ ಹೊಸ ಬಣ್ಣ. ಅಲ್ಲಿ ಚೂಬಾ ಉಟ್ಟ ಟಿಬೆಟನ್ ಅಜ್ಜಿಯೊಬ್ಬರು ಕೈಯಲ್ಲಿ ಜಪಸರ ತಿರುಗಿಸುತ್ತಲೇ ಹೀರೇಕಾಯಿಯ ತುದಿ ಚಿವುಟಿ, "ಬಲ್ತೋಗದ ಕನಪ್ಪ, ಎಂಟಾಣೆ ಕಮ್ಮಿ ಮಾಡು" ಅಂದರು. ಎಂಟಾಣೆ ಯಾರ ಕೈಯಲ್ಲೂ ಕಾಣದೆ ಎಷ್ಟು ಕಾಲವಾಯಿತು! ಆದರೂ ಅಂಗಡಿಯವನಿಗೆ ಅರ್ಥವಾಯಿತು. ಒಡೆಯರಪಾಳ್ಯದ ಧೊಂಡೆನ್‌ಲಿಂಗ್ ಶಿಬಿರದವರು. 1970ರ ದಶಕದಲ್ಲಿ ಇಲ್ಲಿ ನೆಲೆಗೊಂಡು, ಕಾಡಂಚಿನ ಹೊಲಗಳಲ್ಲಿ ಮುಸುಕಿನ ಜೋಳ ಬೆಳೆದು, ಜೋಗ್‌ಚೆನ್ ಮಠ ಕಟ್ಟಿಕೊಂಡವರು. ಕನ್ನಡ ಕಲಿತದ್ದು ಪುಸ್ತಕದಿಂದಲ್ಲ, ಸಂತೆಯಿಂದ. ಅದಕ್ಕೇ ಅವರ ಮಾತಿಗೆ ಇಲ್ಲಿಯ ಅಚ್ಚ ರಾಗ.

ಕೌದಳ್ಳಿ ಕಳೆದು ತಾಳಬೆಟ್ಟ. ನಡೆದು ಬರುವ ಪರ್ಸೆಯವರು ಇಲ್ಲಿ ಕಾಯಿ ಒಡೆದು, ಕರ್ಪೂರ ಹಚ್ಚಿ ಮೇಲಕ್ಕೆ ಹೆಜ್ಜೆ ಇಡುತ್ತಾರೆ. ಶಿವರಾತ್ರಿಯ ಹೊತ್ತಿಗೆ ಕನಕಪುರ, ರಾಮನಗರದ ಕಡೆಯವರು ಕಾವೇರಿಯನ್ನೇ ದಾಟಿ ಕಾಡುದಾರಿಯಲ್ಲಿ ನಡೆದು ಬರುವುದುಂಟು. ನಾವು ಸುತ್ತುಹಾಕಿ ಬಂದ ಹೊಳೆಯನ್ನು ಅವರು ಅಡ್ಡಹಾಯುತ್ತಾರೆ. ಈಗ ಶ್ರಾವಣವಾದ್ದರಿಂದ ಅಲ್ಲಲ್ಲಿ ಗುಂಪುಗಳಿದ್ದವು. ತಿರುವೊಂದರಲ್ಲಿ ಹಳದಿ ಪಂಚೆಯ ಮುದುಕರೊಬ್ಬರು ಕಾರಿಗೆ ಜಾಗ ಬಿಟ್ಟು ನಿಂತು, ನಮ್ಮನ್ನು ನೋಡಿ ಕೈಮುಗಿದರು. ಕಾರಿಗೆ ಮುಗಿದರೋ, ಬೆಟ್ಟಕ್ಕೆ ಹೋಗುವವರು ಅಂತ ನಮಗೆ ಮುಗಿದರೋ. ಗಾಜು ಇಳಿಸಿ ಹತ್ತಿಸಿಕೊಳ್ಳುತ್ತೇವೆ ಅಂದೆವು. "ಕಾಲಿಗ ಹೇಳ್ಕಂಡು ಬಂದಿವ್ನಿ" ಅಂದರು. ಅಷ್ಟೆ. ಮತ್ತೆ ನಡೆದರು.

ಎಪ್ಪತ್ತೇಳು ಮಲೆಗಳ ಒಡೆಯ ಮಾದಪ್ಪ. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ... ಹೆಸರುಗಳನ್ನು ಹೇಳಿಕೊಂಡು ಹೋದರೇ ಅರ್ಧ ಹಾಡು. ಇಲ್ಲಿಯೂ ಸೋಲಿಗರ ನೆಂಟಸ್ತಿಕೆ ಉಂಟು: ಗಂಡ ನೀಲೇಗೌಡ ಭಾಷೆ ಕೇಳಿದಾಗ ಕೊಡಲೊಲ್ಲದೆ ಸೆರೆಯಾದ ಸೋಲಿಗರ ಸಂಕಮ್ಮನಿಗೆ ಮಕ್ಕಳ ವರ ಕೊಟ್ಟವನು ಮಾದಪ್ಪ. ಅವಳ ಕತೆ ಹಾಡಿಗೆ ಬಂದಾಗ ಕೇಳುವ ಹೆಂಗಸರ ಕಣ್ಣು ಈಗಲೂ ಒದ್ದೆಯಾಗುತ್ತದೆ. ಮಂಟೇಸ್ವಾಮಿಯದು, ಮಾದೇಶ್ವರನದು, ಹೀಗೆ ಕನ್ನಡದ ಎರಡು ಮಹಾ ಜನಪದ ಕಾವ್ಯಗಳು ಈ ಸೀಮೆಯ ಬಾಯಲ್ಲಿ ಬದುಕಿವೆ. ಪಿ.ಕೆ. ರಾಜಶೇಖರ ಅಂಥವರು ಬರೆದಿಟ್ಟುಕೊಳ್ಳುವ ತನಕ ಅವಕ್ಕೆ ಕಾಗದದ ಹಂಗಿರಲಿಲ್ಲ.

ದೇವಸ್ಥಾನದ ಹೊರಗೆ ಮಾದಪ್ಪನ ಕತೆ ಹಾಡುವ ದೇವರಗುಡ್ಡನೊಬ್ಬ ಕಂಸಾಳೆ ಹಿಡಿದು ಕೂತಿದ್ದ. ಹುಡುಗಿ ಕೇಳಿದ್ದಕ್ಕೆ ಕೈಗೆ ಕೊಟ್ಟ. ಎರಡು ಕಂಚಿನ ತುಂಡು. ಒಂದು ಅಂಗೈಯಲ್ಲಿ ಕೂರುವ ಬಟ್ಟಲು, ಇನ್ನೊಂದು ದಾರ ಪೋಣಿಸಿದ ಅಗಲ ತಾಳ. ಬಟ್ಟಲ ಅಂಚು ಒಂದು ಕಡೆ ಉಜ್ಜಿ ಉಜ್ಜಿ ತೆಳ್ಳಗಾಗಿತ್ತು. ಅವಳು ಬಡಿದಾಗ ತಟ್ಟೆ ಬಿದ್ದ ಸದ್ದು. ಅವನು ಇಸಿದುಕೊಂಡು, ಬಡಿಯದೆ ಬರೀ ಸವರಿದ ಹಾಗೆ ಆಡಿಸಿದ. ನಾದ ಎದ್ದು ಬಹಳ ಹೊತ್ತು ನಿಂತಿತು. "ನಮ್ಮಪ್ಪುಂದು. ಅವ್ರಪ್ಪಂದೂ ಇದೇಯ" ಅಂದ. ಅತ್ತ ಗುಡ್ಡದ ಮೇಲೆ 108 ಅಡಿಯ ಹೊಸ ಮಾದಪ್ಪ ಹುಲಿಯ ಮೇಲೆ ಕೂತಿದ್ದ. 2023ರಲ್ಲಿ ಆದದ್ದು. ದೊಡ್ಡದೇನೋ ನಿಜ. ನನಗೆ ಆ ಸವೆದ ಬಟ್ಟಲೇ ದೊಡ್ಡದಾಗಿ ಕಂಡಿತು.

ದಾಸೋಹದಲ್ಲಿ ಉಂಡು, ಕಾಡಿನ ಗೇಟು ಮುಚ್ಚುವ ಹೊತ್ತು ನೆನೆದು ಪಾಲಾರ್ ಕಡೆ ಇಳಿದೆವು. ಇದು 906 ಚದರ ಕಿಲೋಮೀಟರಿನ ಮಲೆಮಹದೇಶ್ವರ ವನ್ಯಧಾಮದ ಕಾಡು. 2025ರ ಜೂನ್‌ನಲ್ಲಿ ಇದರ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿ, ಐದೂ ವಿಷವಿಟ್ಟ ಹಸುವಿನ ಮಾಂಸ ತಿಂದು ಸತ್ತವು. ಹುಲಿಯನ್ನೇರಿದ ದೇವರ ಕಾಡಿನಲ್ಲೇ. ಆ ಸುದ್ದಿ ಓದಿದ ದಿನ ಭಾವ ಊಟ ಬಿಟ್ಟಿದ್ದರೆಂದು ಅಕ್ಕ ಹೇಳಿದ್ದಳು. ಅವರು ಅದರ ಬಗ್ಗೆ ಏನೂ ಹೇಳಲಿಲ್ಲ, ಗೇರು ಮಾತ್ರ ಬದಲಿಸಿದರು.

ಪಾಲಾರ್ ಹಳ್ಳದ ಸೇತುವೆ ರಾಜ್ಯದ ಗಡಿ. 1993ರ ಏಪ್ರಿಲ್ 9ರಂದು ಇಲ್ಲಿಯೇ ಹತ್ತಿರ ವೀರಪ್ಪನ್ ಗುಂಪಿನ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಅಲ್ಲಿಂದ ಎಡಕ್ಕೆ ಗೋಪಿನಾಥಂ, ವೀರಪ್ಪನ್‌ನ ಊರು. ಊರಿನ ಹೆಸರು ಹೇಳಿದ ಕೂಡಲೇ ಎಲ್ಲರೂ ಅವನನ್ನೇ ಕೇಳುತ್ತಾರೆ. ನಾನು ಅಲ್ಲಿ ನೆನೆಯುವುದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು. ಬಂದೂಕಿನಿಂದ ಆಗದ್ದು ಊರಿನ ಜನರ ಮನಸ್ಸು ಗೆದ್ದರೆ ಆದೀತೆಂದು ನಂಬಿ ಈ ಊರಿನಲ್ಲಿ ಓಡಾಡಿದವರು. ಮಾರಿಯಮ್ಮನ ಗುಡಿ ಕಟ್ಟಿಸಲು ಕೈಹಾಕಿದವರು. ಶರಣಾಗುತ್ತೇನೆಂಬ ಮಾತು ನಂಬಿ ನಿರಾಯುಧರಾಗಿ ಹೋದವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕಡೆಯವರು ಕೊಂದರು. ಮರಣೋತ್ತರವಾಗಿ ಕೀರ್ತಿಚಕ್ರ ಬಂತು. ಆ ಗುಡಿಯ ಮುಂದೆ ಭಾವ ಚಪ್ಪಲಿ ಬಿಟ್ಟು ಒಂದು ಗಳಿಗೆ ನಿಂತರು. ಒಳಗೆ ಯಾರೋ ಆಗಷ್ಟೇ ಸಾಂಬ್ರಾಣಿ ಹಾಕಿದ್ದರು.

ಹೊಗೇನಕಲ್ಲು ತಲುಪಿದಾಗ ಐದರ ಹತ್ತಿರ. ಕಾಣುವ ಮೊದಲೇ ಕೇಳಿಸಿತು. ಬೆಳಿಗ್ಗೆ ಬೆನ್ನುಹಾಕಿದ ಹೊಳೆ ಇಲ್ಲಿ ಮತ್ತೆ ಎದುರು ಬಂದು ನಿಂತಿತು, ಆದರೆ ಬೇರೆಯೇ ರೂಪದಲ್ಲಿ. ಭರಚುಕ್ಕಿಯಲ್ಲಿ ಹರಡಿಕೊಂಡು ಬೀಳುವ ನೀರು ಇಲ್ಲಿ ಕಪ್ಪುಬಂಡೆಯ ಸಂದಿಗಳಿಗೆ ನುಗ್ಗಿ ಹೊಗೆಯಾಗಿ ಮೇಲೇಳುತ್ತದೆ. ಹೆಸರಿಟ್ಟವರು ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಈಚೆ ದಂಡೆ ಹನೂರು ತಾಲ್ಲೂಕು, ಆಚೆ ತಮಿಳುನಾಡಿನ ಧರ್ಮಪುರಿ. 1956ಕ್ಕೆ ಮೊದಲು ಶಿವನಸಮುದ್ರದಲ್ಲಿದ್ದ ಗಡಿ ಹೊಳೆಯ ಜೊತೆಗೇ ಕೆಳಗಿಳಿದು ಇಲ್ಲಿಗೆ ಬಂದಿದೆ. ತುಸು ಮೇಲಕ್ಕೆ ಬಿಳಿಗುಂಡ್ಲು, ನಮ್ಮ ಪತ್ರಿಕೆಗಳಲ್ಲಿ ಮಳೆ ಕೈಕೊಟ್ಟ ವರ್ಷವೆಲ್ಲ ಕಾಣಿಸಿಕೊಳ್ಳುವ ಹೆಸರು. ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವುದು ಅಲ್ಲಿ. ವರ್ಷಕ್ಕೆ 192 ಟಿಎಂಸಿ ಎಂದು ನ್ಯಾಯಮಂಡಳಿ 2007ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ 177.25ಕ್ಕೆ ಇಳಿಸಿತು. ಬೆಳಿಗ್ಗೆ ಕನ್ನಡಕ ಮಂಜಾಗಿಸಿದ ನೀರಿಗೆ ಇಲ್ಲಿ ಅಂಕಿ ಬೀಳುತ್ತದೆ.

ತೆಪ್ಪ ಮಾತ್ರ ಇರಲಿಲ್ಲ. ನೀರು ಏರಿದೆ, ಯಾರನ್ನೂ ಹತ್ತಿಸುವಂತಿಲ್ಲವೆಂದು ಆಜ್ಞೆಯಾಗಿತ್ತು. ನಮಗೆ ಹೊಳೆಯಬೇಕಿತ್ತು: ಭರಚುಕ್ಕಿ ಹಾಗೆ ತುಂಬಿ ಬಿದ್ದ ವಾರ ಹೊಗೇನಕಲ್ಲಿನಲ್ಲಿ ತೆಪ್ಪ ಇಳಿಸುವುದಿಲ್ಲ. ಒಂದು ಚಂದ ಸಿಕ್ಕರೆ ಇನ್ನೊಂದು ಇಲ್ಲ. ದಂಡೆಯ ಮೇಲೆ ತೆಪ್ಪಗಳನ್ನು ಆಮೆಗಳಂತೆ ಬೋರಲು ಹಾಕಿದ್ದರು. ಬಿದಿರ ಹೆಣಿಗೆ, ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದಕ್ಕೆ ಬಳಿದ ಟಾರು. ಹಿಂದೆ ಚರ್ಮ ಹೊದಿಸುತ್ತಿದ್ದರು. ಒಂದರ ನೆರಳಲ್ಲಿ ಕೂತು ಇಬ್ಬರು ಬೀಡಿ ಸೇದುತ್ತಿದ್ದರು, ಕನ್ನಡಕ್ಕೆ ತಮಿಳು, ತಮಿಳಿಗೆ ಕನ್ನಡ ಸೇರಿಸಿ ಮಾತಾಡಿಕೊಂಡು. ಕೆಲಸವಿಲ್ಲದ ದಿನ ಅವರದು. ನಮ್ಮದು ಬರೀ ಬೇಸರ, ಅವರದು ಅಂದಿನ ಕೂಲಿ.

ಅಕ್ಕನ ಮಗಳು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದಳು. ಆಮೇಲೆ ತೆಪ್ಪದವರ ಹತ್ತಿರ ಹೋಗಿ ಕೇಳಿದಳು, "ಅಣ್ಣ, ಬೆಳಿಗ್ಗೆ ನಾವು ಭರಚುಕ್ಕಿಯಲ್ಲಿ ನೋಡಿದ್ವಲ್ಲ, ಈ ನೀರು ಅದೇನಾ?"

ಅವರಲ್ಲೊಬ್ಬ ಬೀಡಿಯನ್ನು ಕಲ್ಲಿಗೆ ಒರೆಸಿ ಆರಿಸಿದ. ಹೊಳೆಯ ಮೇಲುಗಡೆ, ಕಾಡು ಕವಿದ ತಿರುವಿನ ಕಡೆ ಒಮ್ಮೆ ನೋಡಿದ.

"ಅದು ಇನ್ನೂ ಬಂದಿಲ್ಲ ಪಾಪ. ನೀವು ಕಾರಲ್ಲಿ ಬಂದ್ರಿ, ಅದು ನಡ್ಕೊಂಡು ಬತ್ತಾ ಅದ."